ಮಿಷನ್ ತೋರಿದ ಅಂಕಿ, ಮನಸ್ಸು ಸೇರಿಸಿದ ಮಾತು

ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ದಿನ ಡಾಕ್ಟರು ಹೇಳುವ ಮಾತುಗಳಲ್ಲಿ ಇದೊಂದು ಇದ್ದೇ ಇರುತ್ತದೆ: "ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಹೋಗಿ." ಹಾಸನದ ಬಡಾವಣೆಯಲ್ಲಿ ಮನೆ ಇದ್ದವರಿಗೆ ಇದು ಸಲೀಸು. ಆಲೂರಿನ ಪಾಳ್ಯದ ಕಡೆಯೋ ಸಕಲೇಶಪುರದ ಹೆತ್ತೂರು, ಯಸಳೂರು, ಹಾನುಬಾಳಿನ ಕಡೆಯೋ ಇರುವವರಿಗೆ ಐದೂವರೆಯ ಮಬ್ಬಿನಲ್ಲಿ ತೋಟದ ಗೇಟು ದಾಟುವುದು ಅಷ್ಟು ಸಲೀಸಲ್ಲ. ಮೊದಲು ಮೊಬೈಲು ನೋಡಬೇಕು: ಆನೆ ಗುಂಪು ಇವತ್ತು ಯಾವ ಎಸ್ಟೇಟಿನಲ್ಲಿದೆ, ಒಂಟಿ ಸಲಗ ಯಾವ ರಸ್ತೆಯಲ್ಲಿದೆ ಎಂಬ ಸಂದೇಶ ಬಂದಿರುತ್ತದೆ. 2014ರಲ್ಲಿ ಈ ಎರಡು ತಾಲೂಕುಗಳ ಸುತ್ತಿನಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಆಮೇಲೂ ಆನೆ ಬರುವುದು ನಿಲ್ಲಲಿಲ್ಲ. ದಸರಾ ಅಂಬಾರಿ ಹೊತ್ತ ಸಾಕಾನೆ, ಅರ್ಜುನನಂಥ ಅರ್ಜುನನೇ 2023ರ ಡಿಸೆಂಬರಿನಲ್ಲಿ ಯಸಳೂರು ವಲಯದ ಕಾರ್ಯಾಚರಣೆಯಲ್ಲಿ ಕಾಡಾನೆಯೆದುರು ಜೀವ ಬಿಟ್ಟ. ಇಂಥ ಕಡೆ ವಾಕಿಂಗ್ ಶೂ ಹಾಕಿಕೊಂಡು ಯಾರು ಹೊರಡುತ್ತಾರೆ?

ಹಾಗಾಗಿ ವಾಕಿಂಗ್ ಆಗುವುದಿಲ್ಲ. ಮೂರು ತಿಂಗಳು ಬಿಟ್ಟು ಚೀಟಿ ಹಿಡಿದು ಹೋದಾಗ ಡಾಕ್ಟರು ಕೇಳುತ್ತಾರೆ, "ವಾಕಿಂಗ್ ಮಾಡ್ತಿದೀರಾ?" ಕೂತವರ ತಲೆ ತಗ್ಗುತ್ತದೆ. ಆನೆಯ ವಿಷಯ ಬಾಯಿಗೆ ಬರುವುದಿಲ್ಲ. "ಇಲ್ಲ ಸಾರ್, ಇನ್ಮೇಲೆ ಮಾಡ್ತೀನಿ" ಎಂದು ಎದ್ದು ಬರುತ್ತಾರೆ. ಮಾತ್ರೆಯ ಪ್ರಮಾಣ ಹೆಚ್ಚಾಗಿರುತ್ತದೆ, ಜೊತೆಗೆ ಎದೆಯೊಳಗೆ ಏನೋ ಒಂದು ಭಾರವೂ ಹೆಚ್ಚಾಗಿರುತ್ತದೆ. ಮಾತ್ರೆ ಚೀಟಿಯಲ್ಲಿ ಬರೆದಿರುತ್ತದೆ, ಭಾರ ಬರೆದಿರುವುದಿಲ್ಲ.

ಈ ಲೇಖನ ಆ ಭಾರದ ಬಗ್ಗೆ, ಮತ್ತು ಅದನ್ನು ಕೊಂಚ ಇಳಿಸಿಕೊಳ್ಳಲು ಮೈಂಡ್‌ಫುಲ್‌ನೆಸ್ ಎಂಬ ಅಭ್ಯಾಸ ಎಷ್ಟರಮಟ್ಟಿಗೆ ನೆರವಾಗುತ್ತದೆ ಎಂಬುದರ ಬಗ್ಗೆ. ನಾನಿಲ್ಲಿ ಅದನ್ನು ಸಾವಧಾನ ಎಂದು ಕರೆಯುತ್ತೇನೆ. ಇದುವರೆಗೆ ಧ್ಯಾನಕ್ಕೆ ಕೂತೇ ಇಲ್ಲದವರನ್ನು, "ಅದೆಲ್ಲ ನಮಗಲ್ಲ ಬುಡಿ" ಎನ್ನುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಇದು ಮಾತ್ರೆಗೆ ಬದಲಿ ಅಲ್ಲ. ಉಸಿರು ಗಮನಿಸಿ ಇನ್ಸುಲಿನ್ ಬಿಟ್ಟೆ ಎನ್ನುವವರು ನಿಮ್ಮೂರಿನಲ್ಲೂ ಸಿಗಬಹುದು. ಅವರ ಮಾತು ಕೇಳಬೇಡಿ.

ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4ರಷ್ಟು ಮಂದಿಗೆ, ಅಂದರೆ ಸುಮಾರು 10 ಕೋಟಿ 10 ಲಕ್ಷ ಜನಕ್ಕೆ ಸಕ್ಕರೆ ಕಾಯಿಲೆ ಇದೆ. ಇವರಲ್ಲಿ ಬಹುಪಾಲು ಜನರದು ಟೈಪ್ ಎರಡು. ಅದರಲ್ಲಿ ಮೇದೋಜೀರಕ ಗ್ರಂಥಿ ಇನ್ಸುಲಿನ್ ಒಸರುತ್ತಿರುತ್ತದೆ, ಆದರೆ ಸ್ನಾಯು, ಕೊಬ್ಬು, ಯಕೃತ್ತು ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ವರ್ಷ ಕಳೆದಂತೆ ಒಸರುವುದೂ ತಗ್ಗುತ್ತದೆ. ವಂಶ, ವಯಸ್ಸು, ಹೊಟ್ಟೆಯ ಬೊಜ್ಜು, ಕೂತು ಮಾಡುವ ಕೆಲಸ, ಊಟದ ರೀತಿ ಎಲ್ಲ ಸೇರಿ ಬರುವ ಕಾಯಿಲೆ ಇದು. "ಸಿಕ್ಕಾಪಟ್ಟೆ ಸಿಹಿ ತಿಂದೆ, ಅನುಭವಿಸ್ತಿದೀನಿ" ಎಂದು ಒಂದೇ ಕಾರಣ ಹಿಡಿದು ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆದರೂ ಜನ ಶಿಕ್ಷಿಸಿಕೊಳ್ಳುತ್ತಾರೆ, ಅದೂ ವರ್ಷಗಟ್ಟಲೆ.

ಈ ಕಾಯಿಲೆ ಕೊಡುವ ಬೇಸರಕ್ಕೆ ವೈದ್ಯಲೋಕದಲ್ಲಿ ಹೆಸರು ಇದೆ: ಡಯಾಬಿಟಿಸ್ ಡಿಸ್ಟ್ರೆಸ್. ಅಮೆರಿಕದ ವಿಲಿಯಂ ಪೊಲೊನ್‌ಸ್ಕಿ ಮತ್ತು ಜೊತೆಗಾರರು 1995ರಲ್ಲಿ ಇದನ್ನು ಅಳೆಯಲು 20 ಪ್ರಶ್ನೆಗಳ ಪಟ್ಟಿ ಮಾಡಿದರು. 2005ರಲ್ಲಿ 17 ಪ್ರಶ್ನೆಗಳ ಇನ್ನೊಂದು ಪಟ್ಟಿ ಬಂತು. ಆ ಎರಡನೆಯದು ಭಾರವನ್ನು ನಾಲ್ಕು ಕಡೆಯಿಂದ ನೋಡುತ್ತದೆ. ಕಾಯಿಲೆಯೇ ತರುವ ದಣಿವು ಮತ್ತು ಭಯ ಒಂದು: ಅವ್ವನ ಕಾಲು ತೆಗೆದಿದ್ದರು, ನನಗೂ ಹಾಗೇ ಆಗುತ್ತದಾ ಎಂಬಂಥದು. ಪಥ್ಯ, ಮಾತ್ರೆ, ಸೂಜಿಯ ಜಂಜಾಟ ಎರಡನೆಯದು. ಡಾಕ್ಟರು ನನ್ನ ಮಾತು ಪೂರ್ತಿ ಕೇಳಲಿಲ್ಲ ಎಂಬ ಕೊರಗು ಮೂರನೆಯದು. ಮನೆಯವರಿಗೆ ಇದು ಅರ್ಥವಾಗುವುದಿಲ್ಲ ಎಂಬುದು ನಾಲ್ಕನೆಯದು. ಅಮೆರಿಕದಲ್ಲಿ ಹುಟ್ಟಿದ ಪಟ್ಟಿಯನ್ನು ಕೆಂಚಮ್ಮನ ಹೊಸಕೋಟೆಯಲ್ಲಿ ಕೂತು ಓದಿದರೂ ಯಾವ ಸಾಲೂ ಪರಕೀಯ ಅನ್ನಿಸದು.

ಈ ಡಿಸ್ಟ್ರೆಸ್ ಎಂಬುದು ಖಿನ್ನತೆಯ ಕಾಯಿಲೆಯೇ ಅಲ್ಲ, ಎರಡೂ ಒಟ್ಟಿಗೆ ಇರಬಹುದು ಅಷ್ಟೆ. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ಈ ಬೇಸರ ಇರುತ್ತಿರಲಿಲ್ಲ ಎನ್ನುವಂತಿದ್ದರೆ ಅದು ಡಿಸ್ಟ್ರೆಸ್. ತೋಟ, ಮಕ್ಕಳು, ಹಬ್ಬ, ಊಟ ಯಾವುದರಲ್ಲೂ ರುಚಿಯಿಲ್ಲದೆ ಎರಡು ವಾರಕ್ಕೂ ಮಿಕ್ಕಿ ಮನಸ್ಸು ಕುಸಿದೇ ಇದ್ದರೆ ಅದು ಬೇರೆ. ಅದಕ್ಕೆ ಡಾಕ್ಟರನ್ನು ನೋಡಬೇಕು. ಇದರ ವಿಷಯ ಮುಂದೆ ಹೇಳುತ್ತೇನೆ.

ಇನ್ನು ಸಾವಧಾನ. 1979ರಲ್ಲಿ ಜಾನ್ ಕಬಾಟ್-ಜಿನ್ ಎಂಬವರು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ, ನೋವು ವಾಸಿಯಾಗದೆ ಉಳಿದ ರೋಗಿಗಳಿಗಾಗಿ ಒಂದು ತರಬೇತಿ ಶುರು ಮಾಡಿದರು. ಬೌದ್ಧ ಧ್ಯಾನದಿಂದಲೂ ಹಠಯೋಗದಿಂದಲೂ ಬೇಕಾದ್ದನ್ನು ತೆಗೆದುಕೊಂಡು, ಪೂಜೆ, ಮತ, ಮಂತ್ರ ಬಿಟ್ಟು, ಆಸ್ಪತ್ರೆಗೆ ಹೊಂದುವಂತೆ ಮಾಡಿದ್ದು ಅವರ ಜಾಣತನ. ಇದನ್ನು ಅಮೆರಿಕದಿಂದ ಬಂದ ಹೊಸ ಸರಕು ಅಂದುಕೊಳ್ಳಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ 981ರಿಂದ ನಿಂತಿರುವ ಬಾಹುಬಲಿ ನಿಂತಿರುವುದು ಕಾಯೋತ್ಸರ್ಗ ಭಂಗಿಯಲ್ಲಿ. ಬಳ್ಳಿ ಹಬ್ಬಿದರೂ ಹುತ್ತ ಬೆಳೆದರೂ ಅಲುಗಾಡದ ನಿಲುವು ಅದು. ನಾವು ಅಷ್ಟು ದೂರ ಹೋಗಬೇಕಾಗಿಲ್ಲ. ನಮಗೆ ಬೇಕಾದದ್ದು ಇಷ್ಟು: ಈಗ ಏನಾಗುತ್ತಿದೆಯೋ ಅದನ್ನು ಬೇಕೆಂದೇ ಗಮನಿಸುವುದು, ಗಮನಿಸುವಾಗ ತೀರ್ಪು ಕೊಡದಿರುವುದು.

ಮನಸ್ಸು ಖಾಲಿಯಾಗಬೇಕು ಎಂದು ಹೊಸಬರು ತಿಳಿದಿರುತ್ತಾರೆ. ಎರಡು ನಿಮಿಷ ಕೂತು, "ತಲೇಲಿ ಬರೀ ಕೂಲಿ ಲೆಕ್ಕ ಬರ್ತೈತೆ, ನಂಗಾಗಲ್ಲ" ಎಂದು ಎದ್ದುಬಿಡುತ್ತಾರೆ. ಕೂಲಿ ಲೆಕ್ಕ ಬರಲಿ. ಬಂದದ್ದು ಗೊತ್ತಾಯಿತಲ್ಲ, ಅಭ್ಯಾಸ ಅಂದರೆ ಅದೇ. ಗೊತ್ತಾದ ಮೇಲೆ ಉಸಿರಿನ ಕಡೆ ಮರಳುವುದು, ಮತ್ತೆ ಹೋಗುವುದು, ಮತ್ತೆ ಮರಳುವುದು. ಇಪ್ಪತ್ತು ಸಲ ಹೋದರೆ ಇಪ್ಪತ್ತು ಸಲ ಮರಳುವ ಅಭ್ಯಾಸ ಆದಂತೆ.

ಇದರಿಂದ ಶುಗರ್ ಇಳಿಯುತ್ತದಾ? ಎಲ್ಲರೂ ಕೇಳುವ ಮೊದಲ ಪ್ರಶ್ನೆ, ಕೇಳಬೇಕಾದ್ದೇ. ನೆದರ್‌ಲ್ಯಾಂಡ್ಸ್‌ನಲ್ಲಿ 139 ಮಂದಿ ಸಕ್ಕರೆ ಕಾಯಿಲೆಯವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಡಯಾಮೈಂಡ್ ಅಧ್ಯಯನದಲ್ಲಿ ಎಂಟು ವಾರದ ಅಭ್ಯಾಸ ಮಾಡಿದವರಿಗೆ ಒತ್ತಡ, ಆತಂಕ, ಖಿನ್ನತೆಯ ಲಕ್ಷಣ ಕಡಿಮೆಯಾದವು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ, ಬದಲಾಗಲಿಲ್ಲ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಟೈಪ್ ಎರಡರ 110 ರೋಗಿಗಳ ಮೇಲೆ ನಡೆದು 2012ರಲ್ಲಿ ಬಂದ ಅಧ್ಯಯನದಲ್ಲೂ ಒಂದು ವರ್ಷದ ಹೊತ್ತಿಗೆ ಖಿನ್ನತೆ ತಗ್ಗಿತ್ತು. ಬೇರೆ ಕೆಲವು ಅಧ್ಯಯನಗಳಲ್ಲಿ ಸಕ್ಕರೆಯೂ ಸ್ವಲ್ಪ ಇಳಿದದ್ದು ಕಂಡಿದೆ, ಕೆಲವದರಲ್ಲಿ ಇಲ್ಲ. ಆದ್ದರಿಂದ ಶುಗರ್ ಇಳಿಸಲೆಂದು ಸಾವಧಾನಕ್ಕೆ ಕೂರಬೇಡಿ ಎಂದೇ ನನ್ನ ಸಲಹೆ. ಅಂಕಿಯ ಮೇಲೆ ಕಣ್ಣಿಟ್ಟು ಕೂತರೆ ಅದೂ ಇನ್ನೊಂದು ಪಥ್ಯವಾಗುತ್ತದೆ, ಇಳಿಯದಿದ್ದಾಗ ಇನ್ನೊಂದು ಸೋಲಾಗುತ್ತದೆ.

ಆದರೂ ಮನಸ್ಸಿಗೂ ಸಕ್ಕರೆಗೂ ಸಂಬಂಧ ಇಲ್ಲವೇ ಇಲ್ಲ ಎಂದಲ್ಲ. ಭಯ, ಸಿಟ್ಟು, ನಿದ್ದೆಗೇಡು ಬಂದಾಗ ಅಡ್ರಿನಲಿನ್, ಕಾರ್ಟಿಸೋಲ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಆಗ ಯಕೃತ್ತು ತಾನು ಕೂಡಿಟ್ಟ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ರಾತ್ರಿಯೆಲ್ಲ ತೋಟದ ಬೇಲಿ ಮುರಿಯುವ ಸದ್ದು ಕೇಳುತ್ತ ನಿದ್ದೆಗೆಟ್ಟವರ ಬೆಳಗಿನ ಶುಗರ್ ಏರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಬೇಸರದ ಇನ್ನೊಂದು ಪರಿಣಾಮ ಇದಕ್ಕಿಂತ ದೊಡ್ಡದು: ಬೇಸತ್ತವರು ಸೂಜಿ ಚುಚ್ಚಿ ನೋಡುವುದನ್ನೇ ಬಿಡುತ್ತಾರೆ, ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡುತ್ತಾರೆ, ಮಾತ್ರೆ ತಪ್ಪಿಸುತ್ತಾರೆ. ಭಾರ ಇಳಿದರೆ ಇವು ಸರಿಹೋಗುವ ಸಂಭವ ಹೆಚ್ಚು.

ಈಗ ಅಭ್ಯಾಸಕ್ಕೆ ಬರೋಣ. ಚಾಪೆ ಹಾಸಿ ಕಣ್ಮುಚ್ಚುವುದರಿಂದ ನಾನು ಶುರು ಮಾಡುವುದಿಲ್ಲ. ಭಾರ ಎಲ್ಲಿ ಹುಟ್ಟುತ್ತದೋ ಅಲ್ಲಿಂದಲೇ ಶುರು ಮಾಡುತ್ತೇನೆ: ಗ್ಲೂಕೋಮೀಟರಿನಿಂದ.

ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ. ಇದು ಶಾಸ್ತ್ರಕ್ಕೆ ಹೇಳಿದ್ದಲ್ಲ. ಕಿತ್ತಳೆ ಸುಲಿದ ಕೈಯಲ್ಲೋ ಹಲಸಿನ ತೊಳೆ ಬಿಡಿಸಿದ ಕೈಯಲ್ಲೋ ಚುಚ್ಚಿಕೊಂಡರೆ ಬೆರಳಿಗಂಟಿದ ಹಣ್ಣಿನ ಸಕ್ಕರೆಯೇ ರಕ್ತದ ಹನಿಯಲ್ಲಿ ಬೆರೆತು ಸುಳ್ಳು ಅಂಕಿ ತೋರಿಸುತ್ತದೆ. ಬೆರಳ ತುದಿಯ ನಡುವಿಗೆ ಚುಚ್ಚದೆ ಪಕ್ಕಕ್ಕೆ ಚುಚ್ಚಿ, ನೋವು ಕಡಿಮೆ. ಹನಿ ಪಟ್ಟಿಗೆ ತಾಗಿದ ಮೇಲೆ ಮಿಷನ್ ಐದು, ನಾಲ್ಕು, ಮೂರು ಎಂದು ಎಣಿಸುತ್ತದಲ್ಲ, ಆ ಐದು ಸೆಕೆಂಡು ನಮ್ಮ ಪಾಠಶಾಲೆ. ಆಗ ನಿಮ್ಮೊಳಗೆ ಏನಾಗುತ್ತದೆ ನೋಡಿಕೊಳ್ಳಿ. ಹೆಚ್ಚಿನವರು ಉಸಿರು ಹಿಡಿದಿರುತ್ತಾರೆ. ಭುಜ ಕಿವಿಯ ಕಡೆ ಏರಿರುತ್ತದೆ. ಹೊಟ್ಟೆಯಲ್ಲಿ ಗಂಟು ಬಿದ್ದಿರುತ್ತದೆ. ಏನನ್ನೂ ಸರಿಪಡಿಸಬೇಡಿ, ಇದೆ ಎಂದು ಗೊತ್ತಾದರೆ ಸಾಕು. ಉಸಿರು ತಾನಾಗಿ ಹೊರಗೆ ಬರುತ್ತದೆ.

ಅಂಕಿ ಬಂತು. 214 ಅಂತಿಟ್ಟುಕೊಳ್ಳಿ. ಬಾಯಿಬಿಟ್ಟು ಹೇಳಿ: "ಇನ್ನೂರ ಹದಿನಾಲ್ಕು." ಇನ್ನೇನೂ ಸೇರಿಸಬೇಡಿ. ಆದರೆ ಮನಸ್ಸು ಸೇರಿಸುತ್ತದೆ, ಬಿಡುವುದಿಲ್ಲ: "ನಿನ್ನೆ ಆ ಹೋಳಿಗೆ ಮುಟ್ಟಬಾರದಿತ್ತು." "ನಂಗೆ ನಾಲಿಗೆ ಮೇಲೆ ಹಿಡಿತವೇ ಇಲ್ಲ." "ಕಣ್ಣು ಹೋಗೋದೇ ಇನ್ನು." ಈ ಮಾತುಗಳನ್ನು ತಳ್ಳಲು ಹೋಗಬೇಡಿ, ವಾದಕ್ಕೂ ಇಳಿಯಬೇಡಿ. ಬಂದದ್ದಕ್ಕೆ ಒಂದೊಂದು ಹೆಸರು ಕೊಡಿ: ಇದು ಬೈಗುಳ, ಇದು ಭಯ, ಇದು ಹಳೇ ಲೆಕ್ಕ. ಮಿಷನ್ ಹೇಳಿದ್ದು 214 ಎಂದು ಮಾತ್ರ. ಉಳಿದದ್ದು ನಮ್ಮ ಸೇರ್ಪಡೆ. ಈ ಎರಡರ ನಡುವೆ ಕೂದಲೆಳೆಯಷ್ಟು ಸಂದು ಕಂಡರೂ ಮೊದಲ ಪಾಠ ಮುಗಿಯಿತು.

ಇದನ್ನು ನಮ್ಮ ಕಡೆಯವರಿಗೆ ಕಲಿಸುವುದು ಕಷ್ಟವಲ್ಲ, ಏಕೆಂದರೆ ಅವರು ಪ್ರತಿ ಬೆಳಿಗ್ಗೆ ಮಳೆಮಾಪಕದ ಮುಂದೆ ಇದನ್ನೇ ಮಾಡುತ್ತಾರೆ. ನಿನ್ನೆ ರಾತ್ರಿ 1 ಇಂಚು 40 ಸೆಂಟ್ ಬಿತ್ತು, ಪುಸ್ತಕದಲ್ಲಿ ಬರೆದಾಯಿತು. ಮಾರ್ಚಿನಲ್ಲಿ ಹೂಮಳೆ ಹತ್ತೇ ಸೆಂಟ್ ಬಂದು ನಿಂತರೆ ಚಿಂತೆ ಇರುತ್ತದೆ, ಆದರೆ ಅಂಕಿಯನ್ನು ಮುಚ್ಚಿಡುವವರಿಲ್ಲ, ಮಾಪಕ ನೋಡಲು ಹೆದರುವವರಿಲ್ಲ, ಹತ್ತು ಸೆಂಟಿಗೆ ತಾನೇ ತಪ್ಪಿತಸ್ಥ ಎಂದು ಕೊರಗುವವರೂ ಇಲ್ಲ. ನೋಡುತ್ತಾರೆ, ಬರೆಯುತ್ತಾರೆ, ಸ್ಪ್ರಿಂಕ್ಲರ್ ಬಿಡಬೇಕೇ ಎಂದು ಯೋಚಿಸುತ್ತಾರೆ. ಮಳೆ ನಮ್ಮ ಕೈಯಲ್ಲಿಲ್ಲ, ಶುಗರ್ ನಮ್ಮ ಕೈಯಲ್ಲಿದೆಯಲ್ಲ ಎಂದು ನೀವು ಹೇಳಬಹುದು. ಅರ್ಧ ಮಾತ್ರ ನಿಜ. ಊಟ, ಮಾತ್ರೆ, ನಡಿಗೆ ನಮ್ಮ ಕೈಯಲ್ಲಿವೆ. ಬೆಳಗಿನ ಜಾವ ದೇಹ ಏಳಲು ತಯಾರಾಗುವಾಗ ಏರುವ ಹಾರ್ಮೋನುಗಳು ನಮ್ಮ ಕೈಯಲ್ಲಿಲ್ಲ. ರಾತ್ರಿ ಒಂದು ಚೂರೂ ತಿನ್ನದೆ ಮಲಗಿದವರಿಗೆ ಬೆಳಿಗ್ಗೆ ಮಲಗುವಾಗಿದ್ದುದಕ್ಕಿಂತ ಹೆಚ್ಚು ಬರುವುದು ಅದರಿಂದ. ಜ್ವರ, ಹಲ್ಲುನೋವು, ನಿದ್ದೆಗೇಡು ಸಹ ಏರಿಸುತ್ತವೆ. ಸಾಲದ್ದಕ್ಕೆ, ಮಿಷನ್ನಿನಲ್ಲೇ ನೂರರ ಮೇಲಿನ ಅಂಕಿಗೆ ನೂರಕ್ಕೆ ಹದಿನೈದರವರೆಗೆ ಹೆಚ್ಚುಕಡಿಮೆಗೆ ಅಂತರರಾಷ್ಟ್ರೀಯ ಮಾನದಂಡವೇ ಅವಕಾಶ ಕೊಟ್ಟಿದೆ. 200 ಎಂದು ತೋರಿದ್ದು 175 ಇರಬಹುದು, 230 ಇರಬಹುದು. ನಿನ್ನೆ 168, ಇವತ್ತು 176 ಎಂದು ದಿನವಿಡೀ ಮುಖ ಚಿಕ್ಕದು ಮಾಡಿಕೊಂಡಿರುವವರನ್ನು ನೋಡಿದಾಗೆಲ್ಲ ನನಗೆ ಈ ಲೆಕ್ಕ ಗೋಡೆಗೆ ಬರೆಸಬೇಕು ಅನ್ನಿಸುತ್ತದೆ.

ಆದ್ದರಿಂದ ಒಂದು ಪುಸ್ತಕ ಇಡಿ. ತಾರೀಖು, ಹೊತ್ತು, ಅಂಕಿ. ಪಕ್ಕದಲ್ಲಿ ಒಂದೇ ಒಂದು ಪದ. ನಿದ್ದೆಯಿಲ್ಲ. ಮದುವೆ. ಜಗಳ. ಜ್ವರ. ಅರಾಮ. ಆ ಪದದ ಕಾಲಂ ನಾಲ್ಕಾರು ವಾರದಲ್ಲಿ ನಿಮಗೂ ಡಾಕ್ಟರಿಗೂ ಹೇಳುವಷ್ಟನ್ನು ಬರೀ ಅಂಕಿಯ ಕಾಲಂ ಹೇಳುವುದಿಲ್ಲ.

ಎರಡನೆಯ ಅಭ್ಯಾಸ ಬಾಯಿಗೆ ಸಂಬಂಧಿಸಿದ್ದು. ಕಬಾಟ್-ಜಿನ್ ತರಗತಿಯಲ್ಲಿ ಒಣದ್ರಾಕ್ಷಿ ಕೊಟ್ಟು ಒಂದೊಂದನ್ನೇ ನೋಡಿ, ಮೂಸಿ, ನಿಧಾನಕ್ಕೆ ಅಗಿಯಲು ಹೇಳುತ್ತಾರೆ. ಸಕಲೇಶಪುರದಲ್ಲಿ ದ್ರಾಕ್ಷಿ ಯಾಕೆ, ಕಾಫಿ ಇದೆಯಲ್ಲ. ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು: ಬೆಲ್ಲದ ಕಾಫಿಯಿಂದ ಶುಗರ್ ಏರುವುದಿಲ್ಲ ಎಂಬುದು ಮಲೆನಾಡಿನ ದೊಡ್ಡ ಸುಳ್ಳು. ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ. ಸಿಹಿ ಹಾಕದ ಕಾಫಿ ಒಂದು ಲೋಟ ತೆಗೆದುಕೊಳ್ಳಿ. ಲೋಟದ ಬಿಸಿ ಅಂಗೈಗೆ ಎಲ್ಲಿ ತಾಗುತ್ತದೆ ನೋಡಿ. ಮೂಗಿಗೆ ಹತ್ತಿರ ತನ್ನಿ. ಮೊದಲ ಗುಟುಕನ್ನು ನುಂಗುವ ಮುಂಚೆ ನಾಲಿಗೆಯ ಮೇಲೆ ಒಂದು ಕ್ಷಣ ಇಟ್ಟುಕೊಳ್ಳಿ. ಕಹಿ ಬಂತು, ಅದರ ಹಿಂದೆ ಒಂದು ಸಣ್ಣ ಹುಳಿ, ಅದರ ಹಿಂದೆ "ಥೂ, ಬೆಲ್ಲ ಇಲ್ಲದ ಇದೂ ಒಂದು ಕಾಫಿಯಾ" ಎಂಬ ಮಾತು. ಆ ಮಾತು ಕಾಫಿಯಲ್ಲಿಲ್ಲ. ಮೂರ್ನಾಲ್ಕು ಗುಟುಕು ಹೀಗೆ ಕುಡಿದು ಉಳಿದದ್ದನ್ನು ಎಂದಿನಂತೆ ಕುಡಿಯಿರಿ. ಕಾಫಿ ಬೆಳೆಯುವವರೇ ಸಿಹಿಯಿಲ್ಲದ ಕಾಫಿಯ ರುಚಿಯನ್ನು ಎಷ್ಟೋ ವರ್ಷದಿಂದ ನೋಡಿರುವುದಿಲ್ಲ ಎಂಬುದು ನನಗಂತೂ ತಮಾಷೆಯೇ.

ಊಟಕ್ಕೂ ಇದೇ. ಬಿಸಿ ಕಡುಬು, ಅದರ ಮೇಲೆ ಸಾರು ಇದ್ದಾಗ ಐದನೆಯದು ಯಾವಾಗ ತಟ್ಟೆಗೆ ಬಂತು ಎಂದು ಗೊತ್ತೇ ಆಗುವುದಿಲ್ಲ. ಎರಡಾದ ಮೇಲೆ ಕೈ ತಟ್ಟೆಯಿಂದ ಮೇಲಿಟ್ಟು, ಹೊಟ್ಟೆ ಏನು ಹೇಳುತ್ತದೆ, ನಾಲಿಗೆ ಏನು ಹೇಳುತ್ತದೆ ಎಂದು ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಮೂರನೆಯದು ಬೇಕು ಅನ್ನಿಸಿದರೆ ತಿನ್ನಿ, ಆದರೆ ತಿನ್ನುತ್ತಿದ್ದೇನೆ ಎಂದು ಗೊತ್ತಿರಲಿ.

ಮೂರನೆಯದು ಕಾಲು. ಇದನ್ನು ತುಸು ವಿವರವಾಗಿ ಹೇಳುತ್ತೇನೆ, ಏಕೆಂದರೆ ಪಟ್ಟಣದ ಪುಸ್ತಕಗಳಲ್ಲಿ ಇದು ನಮಗೆ ಬೇಕಾದ ಹಾಗೆ ಇರುವುದಿಲ್ಲ. ಸಾವಧಾನದ ತರಬೇತಿಯಲ್ಲಿ ಅಂಗಾತ ಮಲಗಿ ಗಮನವನ್ನು ಪಾದದಿಂದ ನೆತ್ತಿಯವರೆಗೆ ಒಂದೊಂದೇ ಅಂಗದ ಮೇಲೆ ಸರಿಸುವ ಅಭ್ಯಾಸ ಇದೆ. ಎಡಗಾಲಿನ ಹೆಬ್ಬೆರಳು, ಉಳಿದ ಬೆರಳು, ಅಂಗಾಲು, ಹಿಮ್ಮಡಿ, ಹೀಗೆ. ಸಕ್ಕರೆ ಕಾಯಿಲೆ ಹಳೆಯದಾದವರಿಗೆ ಅಲ್ಲಿ ಏನೂ ಗೊತ್ತಾಗದೆ ಇರಬಹುದು, ಅಥವಾ ಉರಿ, ಜೋಮು, ಸೂಜಿ ಚುಚ್ಚಿದಂತೆ ಇರಬಹುದು. ನರ ಕೆಟ್ಟಿರುವುದರ ಗುರುತು ಅದು. ಹೊಸಬರು ಇಲ್ಲಿ ಗಾಬರಿಯಾಗುತ್ತಾರೆ. ಏನೂ ಗೊತ್ತಾಗುತ್ತಿಲ್ಲ ಎಂಬುದೂ ಒಂದು ಗಮನಿಕೆಯೇ. ಅದನ್ನು ಹಾಗೆಯೇ ಇಟ್ಟುಕೊಂಡು ಮುಂದಿನ ಸಲ ಡಾಕ್ಟರಿಗೆ ಹೇಳಿ. ವರ್ಷಕ್ಕೊಮ್ಮೆಯಾದರೂ ಅವರು ಪಾದದ ಸ್ಪರ್ಶ ಪರೀಕ್ಷೆ ಮಾಡಬೇಕು.

ಆದರೆ ಒಳಗಿನ ಗಮನವನ್ನಷ್ಟೇ ನಂಬಿ ಕೂರುವಂತಿಲ್ಲ. ಮರಗಟ್ಟಿದ ಕಾಲು ಸುಳ್ಳು ಹೇಳುತ್ತದೆ. ಮಳೆಗಾಲದಲ್ಲಿ ತೋಟದಿಂದ ಬಂದು ಗಂಬೂಟು ಕಳಚಿದಾಗ ಒಳಗೆ ಒಂದು ಮುಳ್ಳೋ ಸಣ್ಣ ಕಲ್ಲೋ ಇಡೀ ದಿನ ಒತ್ತಿ ಗುಳ್ಳೆ ಎದ್ದಿರುತ್ತದೆ, ಗೊತ್ತಾಗಿರುವುದಿಲ್ಲ. ಇಂಬಳ ಕಚ್ಚಿದ್ದು ಆರೋಗ್ಯವಂತರಿಗೂ ಗೊತ್ತಾಗುವುದಿಲ್ಲ ಬಿಡಿ. ಕೆರೆದುಕೊಂಡ ಮೇಲೆ ಆ ಗಾಯ ನೀರಿನಲ್ಲಿ ನೆನೆದು ಕೀವಾಗುವುದು ತೊಂದರೆ. ಹಾಗಾಗಿ ಸಂಜೆ ಜಗಲಿಯಲ್ಲಿ ಕೂತು, ಕಾಲು ತೊಳೆದು, ಬೆರಳ ಸಂದಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಕಣ್ಣಿನಿಂದಲೂ ಕೈಯಿಂದಲೂ ಪಾದವನ್ನು ಓದಿ. ಅಂಗಾಲು ಕಾಣದಿದ್ದರೆ ಕನ್ನಡಿ ಹಿಡಿಯಿರಿ, ಇಲ್ಲವೇ ಮೊಮ್ಮಗಳನ್ನು ಕರೆಯಿರಿ. ಅವಸರ ಬೇಡ, ಟೀವಿ ಬೇಡ. ಒಂದೊಂದು ಬೆರಳಿಗೂ ಒಂದೊಂದು ಉಸಿರು. ಐದು ನಿಮಿಷದಲ್ಲಿ ಧ್ಯಾನವೂ ಆಯಿತು, ಡಾಕ್ಟರು ಹೇಳಿದ ಪಾದ ತಪಾಸಣೆಯೂ ಆಯಿತು. ಇಷ್ಟು ದಿನ ಭಯದಿಂದ ನೋಡದೇ ಬಿಟ್ಟ ಕಾಲನ್ನು ಮುಟ್ಟಿ ನೋಡುವುದರಲ್ಲೇ ಎಷ್ಟೋ ಜನರ ಭಯ ಅರ್ಧ ಇಳಿಯುತ್ತದೆ.

ವಾಕಿಂಗಿನ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗೇಟು ದಾಟಬೇಡಿ. ಕಾಫಿ ಒಣಗಿಸುವ ಕಣ ಇದೆಯಲ್ಲ, ಅದರ ಸುತ್ತ ನಡೆಯಿರಿ. ಜೂನ್-ಜುಲೈ ಮಳೆಗೆ ಕಣ ಬೇಡ, ಜಗಲಿಯ ಉದ್ದಕ್ಕೆ ಹೋಗಿ ಬನ್ನಿ. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆದರೆ ಊಟದ ನಂತರದ ಏರಿಕೆ ತಗ್ಗುತ್ತದೆ, ಅದು ಐದೂವರೆಗೇ ಆಗಬೇಕೆಂದಿಲ್ಲ. ಹಿಮ್ಮಡಿ ತಾಗಿತು, ಬೆರಳು ತಾಗಿತು, ಕಾಲೆತ್ತಿದೆ. ಗಮನ ಅಷ್ಟರ ಮೇಲೆ. ಸುತ್ತು ಎಣಿಸಬೇಡಿ. ಬರಿಗಾಲಲ್ಲಂತೂ ಬೇಡ.

ಇನ್ನು ಜನರ ಮಾತು. ನಮ್ಮ ಕಡೆ ಮದುವೆಮನೆಯಲ್ಲಿ ಎರಡು ಬಗೆಯ ಪ್ರೀತಿ ಕಾಟ ಕೊಡುತ್ತದೆ. "ಒಂದ್ ತಿಂದ್ರೆ ಏನಾಗಲ್ಲ ತಗಳಿ ಮಾವ" ಎಂದು ಎಲೆಗೆ ಹಾಕಿಯೇಬಿಡುವವರು ಒಂದು ಕಡೆ. "ಅತ್ತೆ, ನಿಮ್ಗೆ ಶುಗರ್ ಐತೆ, ಬ್ಯಾಡ" ಎಂದು ಪಂಕ್ತಿಯೆಲ್ಲ ಕೇಳುವ ಹಾಗೆ ಕೂಗುವವರು ಇನ್ನೊಂದು ಕಡೆ. ಎರಡನೆಯದು ಹೆಚ್ಚು ಚುಚ್ಚುತ್ತದೆ. ಕಿವಿ ಬಿಸಿಯಾಗುತ್ತದೆ, ಹಟಕ್ಕೆ ಬಿದ್ದು ಎರಡು ಹಾಕಿಸಿಕೊಳ್ಳುವವರೂ ಇದ್ದಾರೆ. ಇಲ್ಲಿ ಅಭ್ಯಾಸ ತೀರ ಚಿಕ್ಕದು: ಉತ್ತರ ಕೊಡುವ ಮೊದಲು ಎರಡೂ ಪಾದ ನೆಲಕ್ಕೆ ತಾಗಿರುವುದನ್ನು ಗಮನಿಸಿ, ಮೂರು ಉಸಿರು ತೆಗೆದುಕೊಳ್ಳಿ. ಕಿವಿ ಬಿಸಿಯಾಗಿದೆ, ಗೊತ್ತು. ಆಮೇಲೆ ಬೇಕು ಎನ್ನುತ್ತೀರೋ ಬೇಡ ಎನ್ನುತ್ತೀರೋ ಅದು ನಿಮ್ಮ ನಿರ್ಧಾರವಾಗಿರುತ್ತದೆ, ಸಿಟ್ಟಿನದಲ್ಲ. ಮನೆಯವರಿಗೂ ಒಂದು ಮಾತು: ಕಾವಲು ಕಾಯಬೇಡಿ, ಜೊತೆಗೆ ನಡೆಯಿರಿ. ಸಂಜೆ ಕಣದಲ್ಲಿ ಒಂದು ಸುತ್ತು ಜೊತೆಗೆ ಬಂದರೆ ಅದು ನೂರು ಬುದ್ಧಿಮಾತಿಗೆ ಸಮ.

ಇನ್ನು ಎಚ್ಚರಿಕೆಯ ಮಾತುಗಳು. ಕೈ ನಡುಗುವುದು, ಬೆವರುವುದು, ಎದೆ ಹೊಡೆದುಕೊಳ್ಳುವುದು, ತಲೆ ಗಿರ್ರೆನ್ನುವುದು ಆತಂಕದಲ್ಲೂ ಬರುತ್ತದೆ, ಶುಗರ್ ತೀರ ಇಳಿದಾಗಲೂ ಬರುತ್ತದೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹಣ್ಣು ಕೊಯ್ಲಿನ ದಿನ ಬೆಳಗಿನ ತಿಂಡಿ ಬಿಟ್ಟು ತೋಟಕ್ಕೆ ಇಳಿದರೆ ಹನ್ನೊಂದು ಗಂಟೆಗೆ ಇದು ಆಗಬಹುದು. ಆಗ ಕಣ್ಮುಚ್ಚಿ ಉಸಿರು ಗಮನಿಸುತ್ತ ಕೂರಬಾರದು! ಮಿಷನ್ ಇದ್ದರೆ ನೋಡಿ; 70ಕ್ಕಿಂತ ಕಡಿಮೆ ಇದ್ದರೆ ಅಥವಾ ಮಿಷನ್ನೇ ಇಲ್ಲದಿದ್ದರೆ ತಕ್ಷಣ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಆಮೇಲೆ ಏನಾದರೂ ತಿನ್ನಿ. ತೋಟಕ್ಕೆ ಹೋಗುವಾಗ ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಈ ಒಂದು ಕಡೆ ಮಾತ್ರ ಬೆಲ್ಲದ ಕಾಫಿಗೂ ನನ್ನ ಆಕ್ಷೇಪವಿಲ್ಲ.

ಕಣ್ಮುಚ್ಚಿ ಕೂತರೆ ಹಳೆಯ ಆಘಾತಗಳು ನುಗ್ಗಿ ಬರುವವರು, ಹಿಂದೆ ತೀವ್ರ ಮಾನಸಿಕ ಕಾಯಿಲೆ ಇದ್ದವರು ಒಬ್ಬರೇ ದೀರ್ಘ ಧ್ಯಾನಕ್ಕೆ ಇಳಿಯುವುದು ಬೇಡ. ಕಣ್ಣು ತೆರೆದೇ ಇರುವ ಮೇಲಿನ ಸಣ್ಣ ಅಭ್ಯಾಸಗಳು ಸಾಕು, ಅವೂ ಕಷ್ಟವಾದರೆ ನಿಲ್ಲಿಸಿ. ಎರಡು ವಾರ ಮೀರಿದ ಖಿನ್ನತೆಗೆ, ಬದುಕು ಬೇಡ ಅನ್ನಿಸುವುದಕ್ಕೆ ಚಿಕಿತ್ಸೆ ಬೇಕು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಯಲ್ಲೋ ಆಲೂರಿನ ತಾಲೂಕು ಆಸ್ಪತ್ರೆಯಲ್ಲೋ ಮನೋವೈದ್ಯರು ಯಾವ ದಿನ ಸಿಗುತ್ತಾರೆ ಎಂದು ವಿಚಾರಿಸಿ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯಂತೂ ಇದ್ದೇ ಇದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ.

ಸಾವಧಾನದ ಬಗ್ಗೆ ನನಗಿರುವ ಒಂದು ತಕರಾರನ್ನೂ ಹೇಳಬೇಕು. ಎಲ್ಲ ಭಾರವೂ ತಲೆಯೊಳಗಿನದಲ್ಲ. ಲೈನ್ ಮನೆಯಲ್ಲಿದ್ದು ದಿನಗೂಲಿಗೆ ಹೋಗುವ ಹೆಂಗಸಿಗೆ ಆಸ್ಪತ್ರೆಗೆ ಹೋದ ದಿನದ ಕೂಲಿ ಇಲ್ಲ, ಬಸ್ಸು ದಿನಕ್ಕೆರಡು, ಮಿಷನ್ನಿನ ಪಟ್ಟಿಯ ಡಬ್ಬಿಗೆ ದುಡ್ಡಿಲ್ಲ, ರೇಷನ್ ಅಕ್ಕಿ ಬಿಟ್ಟು ಬೇರೆ ಊಟವಿಲ್ಲ. ಅವಳಿಗೆ "ಉಸಿರು ಗಮನಿಸಮ್ಮ" ಎಂದು ಹೇಳಿ ಕೈತೊಳೆದುಕೊಳ್ಳುವುದು ಅನ್ಯಾಯ. ತಿಂಗಳಿಗೊಂದು ದಿನ ಕೂಲಿ ಹಿಡಿಯದೆ ಆಸ್ಪತ್ರೆಗೆ ಕಳಿಸುವುದು, ತೋಟದ ಜೀಪಿನಲ್ಲೇ ಕರೆದೊಯ್ಯುವುದು ಎಸ್ಟೇಟಿನವರ ಕೈಯಲ್ಲಿರುವ ಕೆಲಸ. ಸಾವಧಾನ ಅದಾದ ಮೇಲಿನ ಮಾತು.

ಶುರು ಮಾಡುವವರಿಗೆ ಕೊನೆಯದಾಗಿ ಒಂದಿಷ್ಟು ವ್ಯವಹಾರದ ಸಂಗತಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮೊದಲ ವಾರ ಮಿಷನ್ನಿನ ಐದು ಸೆಕೆಂಡು ಮಾತ್ರ, ಎರಡನೆಯ ವಾರದಿಂದ ಸಂಜೆಯ ಕಾಲು. ಕಾಫಿ ಯಾವಾಗಲಾದರೂ ಆಗುತ್ತದೆ. ಕೊಯ್ಲು ಶುರುವಾದರೆ ಡಿಸೆಂಬರಿನಿಂದ ಫೆಬ್ರವರಿವರೆಗೆ ಅರ್ಧಕ್ಕರ್ಧ ಬಿಟ್ಟುಹೋಗುತ್ತದೆ, ಹೋಗಲಿ. ಮತ್ತೆ ಹಿಡಿಯುವಾಗ ಮೊದಲ ವಾರದಿಂದಲೇ ಹಿಡಿಯಿರಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಪುಸ್ತಕ ತೆಗೆದುಕೊಂಡು ಹೋಗಿ, ಅಂಕಿಯ ಪಕ್ಕದ ಪದಗಳನ್ನೂ ತೋರಿಸಿ. ವಾಕಿಂಗ್ ಮಾಡ್ತಿದೀರಾ ಎಂದು ಕೇಳಿದರೆ ಆನೆಯ ವಿಷಯ ಹೇಳಿ, ಕಣದಲ್ಲಿ ನಡೆಯುತ್ತಿರುವುದನ್ನೂ ಹೇಳಿ. ಈ ಕಾಯಿಲೆಯಿಂದ ಮನಸ್ಸಿಗೆ ತುಂಬ ಬೇಜಾರಾಗಿದೆ ಎಂಬುದನ್ನು ಎದ್ದು ಬರುವಾಗ ಬಾಗಿಲಲ್ಲಿ ಹೇಳುವ ಬದಲು ಕೂತ ಕೂಡಲೇ ಹೇಳಿ.